ಖಾಲಿ ಮನೆಗೆ ಏನು ತುಂಬೋಣ?

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾ ಸಿಕ್ಕಿದಾಗ ಅದರ ಜೊತೆ ಇನ್ನೊಂದು ಹೆಸರೂ ಪುಕ್ಕಟೆಯಾಗಿ ಬರುತ್ತದೆ: ಎಫ್‌ಎನ್‌ಯು. 'ಫಸ್ಟ್ ನೇಮ್ ಅನ್‌ನೋನ್' ಎಂಬುದರ ಮೊಟಕು ರೂಪ ಅದು. ಅಲ್ಲಿನ ದಾಖಲೆಯಲ್ಲಿ ಮನೆತನದ ಹೆಸರಿಗೊಂದು ಮನೆ, ಸ್ವಂತ ಹೆಸರಿಗೊಂದು ಮನೆ. ಅಡ್ಡಹೆಸರಿನ ಗೊಡವೆಗೇ ಹೋಗದ ದಕ್ಷಿಣ ಭಾರತದ ಎಷ್ಟೋ ಜನರ ಬಳಿ ಎರಡನ್ನೂ ತುಂಬುವಷ್ಟು ಹೆಸರಿಲ್ಲ. ಇರುವ ಹೆಸರು ಮನೆತನದ ಮನೆಗೆ ಹೋಗುತ್ತದೆ, ಖಾಲಿ ಉಳಿದದ್ದಕ್ಕೆ ಈ ಮೂರಕ್ಷರ ಬೀಳುತ್ತದೆ. ಅಲ್ಲಿಂದ ಅದು ಚಾಲನಾ ಪರವಾನಗಿಗೂ ಇತರ ಕಾಗದಪತ್ರಗಳಿಗೂ ಹಬ್ಬುವುದುಂಟು. ಜಾಗ ತುಂಬಲೆಂದು ಬಂದದ್ದು ಆಸಾಮಿಯ ಹೆಸರೇ ಆಗಿ ಕೂರುತ್ತದೆ.

ವೆಬ್‌ಸೈಟ್ ಬರೆಯುವವರಿಗೆ ಇದು ದಿನನಿತ್ಯದ ಪಾಡು. ಗ್ರಾಹಕರು ಹೆಸರನ್ನು ಒಂದೇ ಸಾಲಿನಲ್ಲಿ ಟೈಪ್ ಮಾಡುತ್ತಾರೆ. ಪ್ರೋಗ್ರಾಂ ಅದನ್ನು ಖಾಲಿ ಜಾಗ ಸಿಕ್ಕಲ್ಲಿ ಎರಡು ತುಂಡು ಮಾಡಿ, ಒಂದೊಂದನ್ನು ಒಂದೊಂದು ಮನೆಯಲ್ಲಿಡಬೇಕು. 'ಮಂಜುನಾಥ ಹೆಗಡೆ' ಬಂದರೆ ಎಲ್ಲ ಸಲೀಸು. ಬರಿಯ 'ಮಂಜುನಾಥ' ಬಂದರೆ ಎರಡನೆಯ ತುಂಡೇ ಇಲ್ಲ. ಇಲ್ಲದ್ದನ್ನು ಎತ್ತಿಕೊಳ್ಳಲು ಹೋದ ಪ್ರೋಗ್ರಾಂ ಎಚ್ಚರಿಕೆಯ ಸಂದೇಶ ಕಾರುತ್ತದೆ. ನಿರ್ಲಕ್ಷ್ಯದ ಸೈಟುಗಳಲ್ಲಿ ಆ ಸಂದೇಶ ನೇರ ಗ್ರಾಹಕರ ಪರದೆಯ ಮೇಲೆಯೇ ಮೂಡುತ್ತದೆ.

ಇದಕ್ಕೆ ಪಿಎಚ್‌ಪಿ ಭಾಷೆಯಲ್ಲೊಂದು ಸಿದ್ಧ ಪರಿಹಾರವಿದೆ, 'ಅರೇ ಪ್ಯಾಡ್'. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ವೆಬ್ ಪುಟಕ್ಕೆಂದು ಬರೆದುಕೊಂಡು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸಲಕರಣೆಗಳೇ ಮುಂದೆ ಪಿಎಚ್‌ಪಿ ಭಾಷೆಯಾಗಿ ಬೆಳೆದವು. ವರ್ಡ್‌ಪ್ರೆಸ್ ನಡೆಯುವುದು ಇದರ ಮೇಲೆ. ಕನ್ನಡ ವಿಕಿಪೀಡಿಯದ ಪುಟಗಳನ್ನು ಓದುಗರಿಗೆ ತಂದಿಡುವ ಮೀಡಿಯಾವಿಕಿ ತಂತ್ರಾಂಶವೂ ಇದೇ ಭಾಷೆಯದು. ಅರೇ ಎಂದರೆ ಒಂದರ ಪಕ್ಕ ಒಂದು ಮನೆಗಳಿರುವ ಸಾಲು. 2000ದಲ್ಲಿ ಹೊರಬಂದ ಪಿಎಚ್‌ಪಿ 4ರ ಕಾಲದಿಂದಲೂ ಇರುವ ಅರೇ ಪ್ಯಾಡ್‌ಗೆ ಮೂರು ಮಾತು ಹೇಳಿದರೆ ಸಾಕು: ಸಾಲು ಯಾವುದು, ಎಷ್ಟು ಉದ್ದವಾಗಬೇಕು, ಕೊರತೆ ಬಿದ್ದಲ್ಲಿ ಏನು ತುಂಬಬೇಕು. ಉದ್ದವನ್ನು 7 ಎಂದರೆ ಕೊನೆಯಲ್ಲಿ ತುಂಬುತ್ತದೆ, ಮೈನಸ್ 7 ಎಂದರೆ ಮೊದಲಲ್ಲಿ. ಸಾಲಿನಲ್ಲಿ ಆಗಲೇ ಒಂಬತ್ತು ಇದ್ದರೆ ಏನನ್ನೂ ಕತ್ತರಿಸುವುದಿಲ್ಲ, ಒಂಬತ್ತನ್ನೂ ಹಾಗೆಯೇ ಮರಳಿ ಕೊಡುತ್ತದೆ. ಮಂಜುನಾಥನ ಸಾಲನ್ನು ಎರಡಕ್ಕೆ ಏರಿಸಿ ಕೊರತೆಗೆ 'ನಲ್' ಹಾಕಿದರೆ ಎಚ್ಚರಿಕೆಯ ಸಂದೇಶ ಮಾಯ. ನಲ್ ಎಂದರೆ 'ಇಲ್ಲಿ ಏನೂ ಇಲ್ಲ' ಎಂಬ ಗುರುತು.

ಹಳೆಯ ಪದ್ಯಕಾರರಿಗೆ ಈ ಉಪಾಯ ಚೆನ್ನಾಗಿ ಗೊತ್ತಿತ್ತು. ವೃತ್ತದ ಪಾದದಲ್ಲಿ ಒಂದಕ್ಷರ ಕಡಿಮೆ ಬಿದ್ದರೆ ಸಂಸ್ಕೃತ ಕವಿ 'ಚ', 'ಹಿ', 'ವೈ'ಗಳಲ್ಲೊಂದನ್ನು ಸೇರಿಸಿ ಮುಂದೆ ಹೋಗುತ್ತಿದ್ದ. ಅಂಥ ಪಾದಪೂರಣದ ಅಕ್ಷರಗಳನ್ನು ಅಮರಕೋಶ ಪಟ್ಟಿ ಮಾಡಿಯೇ ಇಟ್ಟಿದೆ. ಅಲ್ಲಿ ಆ ಅಕ್ಷರಕ್ಕೆ ಅರ್ಥ ಹುಡುಕಬಾರದೆಂದು ಓದುವವನಿಗೆ ತಿಳಿದಿರುತ್ತದೆ. ಕಂಪ್ಯೂಟರಿಗೆ ಆ ರಸಿಕತೆ ಇಲ್ಲ. ತುಂಬಿದ್ದನ್ನೂ ಅದು ನಿಜವೆಂದೇ ಓದುತ್ತದೆ.

ಒಂದು ವಾರದ ಮಳೆಯ ಲೆಕ್ಕ ತೆಗೆದುಕೊಳ್ಳಿ. ಮಾಪನ ಕೇಂದ್ರದಿಂದ ಸೋಮವಾರದಿಂದ ಶುಕ್ರವಾರದವರೆಗಿನ ಅಂಕಿಗಳು ಬಂದಿವೆ ಎನ್ನೋಣ: 12, 40, 0, 8, 60 ಮಿಲಿಮೀಟರ್. ಬುಧವಾರ ನಿಜಕ್ಕೂ ಹನಿ ಬಿದ್ದಿಲ್ಲ. ವೆಬ್‌ಸೈಟಿನ ನಕ್ಷೆಗೆ ಏಳು ದಿನ ಬೇಕು. ಸಾಲನ್ನು ಏಳಕ್ಕೆ ಏರಿಸಿ ಸೊನ್ನೆ ತುಂಬಿದರೆ, ಇನ್ನೂ ಬಾರದ ಶನಿವಾರ ಭಾನುವಾರಗಳಲ್ಲಿ ಮಳೆಯೇ ಇಲ್ಲವೆಂದು ಗೆರೆ ನೆಲಕ್ಕೆ ಕುಸಿಯುತ್ತದೆ. ಸೊನ್ನೆಯ ಬದಲು ನಲ್ ತುಂಬಿದರೆ ಚಾರ್ಟ್ ಜೆಎಸ್‌ನಂಥ ನಕ್ಷೆ ತಂತ್ರಾಂಶಗಳು ಶುಕ್ರವಾರಕ್ಕೇ ಗೆರೆ ನಿಲ್ಲಿಸುತ್ತವೆ. ಕಣ್ಣಿಗೆ ಸರಿ ಕಂಡಿತು ಎಂದು ಪ್ರೋಗ್ರಾಮರ್ ಎದ್ದು ಕಾಫಿಗೆ ಹೋಗುವುದು ಸಾಮಾನ್ಯವಾಗಿ ಈ ಹಂತದಲ್ಲಿ.

ಆದರೆ ಸರಾಸರಿ ಕೇಳಿದರೆ ಮತ್ತೆ ಎಡವಟ್ಟು. ಐದು ದಿನದ ಒಟ್ಟು ಮಳೆ 120, ಸರಾಸರಿ 24. ಪಿಎಚ್‌ಪಿ ಮೊತ್ತ ಹಾಕುವಾಗ ನಲ್ ಅನ್ನು ಸೊನ್ನೆಯಂತೆ ಕೂಡುತ್ತದೆ, ಎಣಿಸುವಾಗ ನಲ್ ಇರುವ ಮನೆಯನ್ನೂ ಎಣಿಸುತ್ತದೆ. ಹಾಗಾಗಿ 120ನ್ನು ಏಳರಿಂದ ಭಾಗಿಸಿ 17.1 ಎನ್ನುತ್ತದೆ. ಸರಿ, ಖಾಲಿ ಮನೆಗಳನ್ನು ಮೊದಲು ತೆಗೆದುಬಿಡೋಣ ಎಂದು 'ಅರೇ ಫಿಲ್ಟರ್' ಓಡಿಸಿದರೆ ಅದು ಇನ್ನೂ ಉತ್ಸಾಹಿ: ಬೇರೆ ಸೂಚನೆ ಕೊಡದಿದ್ದರೆ ನಲ್ ಜೊತೆಗೆ ಸೊನ್ನೆಗಳನ್ನೂ ಗುಡಿಸಿ ಹಾಕುತ್ತದೆ. ಬುಧವಾರದ ಅಸಲಿ ಸೊನ್ನೆಯೂ ಹೋಯಿತು, ನಾಲ್ಕೇ ದಿನ ಉಳಿದವು, ಸರಾಸರಿ 30 ಆಯಿತು. ಒಂದೇ ವಾರ, ಒಂದೇ ಮಳೆ, ಮೂರು ಉತ್ತರ. ಮೂರರಲ್ಲೂ ಯಂತ್ರದಿಂದ ಒಂದು ದೂರೂ ಇಲ್ಲ. ನಲ್ ಇರುವುದನ್ನು ಮಾತ್ರ ತೆಗೆ ಎಂದು ಬಿಡಿಸಿ ಹೇಳಿದಾಗಷ್ಟೇ 24 ಸಿಗುತ್ತದೆ.

ಮಳೆಯ ಅಂಕಿ ಬರಿಯ ಕುತೂಹಲದ ವಿಷಯವಲ್ಲ. ಕರ್ನಾಟಕದಲ್ಲಿ ಅಡಿಕೆ, ಕಾಳುಮೆಣಸು ಬೆಳೆಯುವವರಿಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ಬರುವುದು ಮಳೆಮಾಪಕ ಯಂತ್ರದ ಲೆಕ್ಕದ ಮೇಲೆ. ಯಂತ್ರ ಕೆಟ್ಟ ದಿನಕ್ಕೆ ಯಾರಾದರೂ ಸೊನ್ನೆ ತುಂಬಿದರೆ, ಅತಿವೃಷ್ಟಿಯ ವಾರವೊಂದು ಕಾಗದದ ಮೇಲೆ ಹದವಾದ ವಾರವಾಗಿಬಿಡಬಹುದು. ಭಾರತೀಯ ಹವಾಮಾನ ಇಲಾಖೆ ಮಳೆಯ ಚೌಕವಾರು ದತ್ತಾಂಶದಲ್ಲಿ ಮಾಹಿತಿ ಇಲ್ಲದ ಜಾಗಕ್ಕೆ ಮೈನಸ್ 999 ಎಂದು ಬರೆಯುತ್ತದೆ. ಋಣ ಮಳೆ ಸುರಿಯುವುದು ಸಾಧ್ಯವೇ ಇಲ್ಲವಲ್ಲ, ಅದೇ ಅದರ ಜಾಣತನ. ಗೊತ್ತಿಲ್ಲದವರು ಅದನ್ನೂ ಮೊತ್ತಕ್ಕೆ ಸೇರಿಸಿದರೂ ಉತ್ತರ ಎಷ್ಟು ವಿಕಾರವಾಗಿರುತ್ತದೆಂದರೆ ತಪ್ಪು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಸೊನ್ನೆಯ ತಪ್ಪು ಸಭ್ಯವಾಗಿ ಬಂದು ಕೂರುವಂಥದ್ದು, ಅದಕ್ಕೇ ಹೆಚ್ಚು ಅಪಾಯಕಾರಿ. ಭೂಪಟ ತಯಾರಿಸುವವರಿಗೂ ಇದರ ಅನುಭವವಿದೆ. ಅಕ್ಷಾಂಶ ರೇಖಾಂಶ ಸಿಗದ ವಿಳಾಸಗಳಿಗೆ ತಂತ್ರಾಂಶ ಸೊನ್ನೆ, ಸೊನ್ನೆ ತುಂಬಿದಾಗ ಅವೆಲ್ಲ ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನಡುನೀರಿನಲ್ಲಿ ಹೋಗಿ ಗುಂಪುಗೂಡುತ್ತವೆ. ತಮಾಷೆಗೆ ಆ ಜಾಗಕ್ಕೆ 'ನಲ್ ಐಲ್ಯಾಂಡ್' ಎಂಬ ಹೆಸರೂ ಬಿದ್ದಿದೆ.

ಅರೇ ಪ್ಯಾಡ್‌ನ ಇನ್ನೊಂದು ಮಿತಿ ಹೊಸಬರಿಗೆ ತಡವಾಗಿ ಹೊಳೆಯುತ್ತದೆ. ಅದಕ್ಕೆ ಗೊತ್ತಿರುವುದು ಉದ್ದ ಮಾತ್ರ, ಜಾಗ ಅಲ್ಲ. ಮಂಗಳವಾರದ ಅಂಕಿಯೇ ಬಂದಿಲ್ಲ ಎನ್ನಿ. ಸಾಲಿನಲ್ಲಿ ಬುಧವಾರದ್ದು ಮಂಗಳವಾರದ ಮನೆಗೆ ಸರಿದಿರುತ್ತದೆ. ಅರೇ ಪ್ಯಾಡ್ ಕೊನೆಗೊಂದು ಖಾಲಿ ಸೇರಿಸಿ ಕೈತೊಳೆದುಕೊಳ್ಳುತ್ತದೆ. ಏಳು ಮನೆಗಳೇನೋ ಆದವು, ಒಳಗಿನ ವಾರ ಮಾತ್ರ ಪಲ್ಲಟ. ಇಂಥಲ್ಲಿ ಮೊದಲು ಏಳು ದಿನಗಳ ಹೆಸರು ಬರೆದ ಖಾಲಿ ಮನೆಗಳನ್ನು ಕಟ್ಟಿ, ಬಂದ ಅಂಕಿಯನ್ನು ಹೆಸರು ನೋಡಿ ಒಳಗೆ ಬಿಡುವುದೇ ಸರಿಯಾದ ದಾರಿ. ಮನೆಗಳಿಗೆ ಅಂಕಿಯನ್ನೇ ಹೆಸರಾಗಿಟ್ಟಿದ್ದರೆ ಬೇರೆಯದೇ ಫಜೀತಿ: ತುಂಬುವಾಗ ಪಿಎಚ್‌ಪಿ ಅವನ್ನು ಸೊನ್ನೆ, ಒಂದು, ಎರಡು ಎಂದು ಹೊಸದಾಗಿ ಎಣಿಸುತ್ತದೆ. 570001 ಎಂಬ ಮೈಸೂರಿನ ಪಿನ್‌ಕೋಡ್ ಹೋಗಿ ಬರಿಯ ಸೊನ್ನೆ ಉಳಿಯುತ್ತದೆ. ಪದಗಳಲ್ಲಿ ಹೆಸರಿಟ್ಟ ಮನೆಗಳನ್ನು ಮುಟ್ಟುವುದಿಲ್ಲ.

ವೆಬ್‌ನ ಇನ್ನೊಂದು ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಅರೇ ಪ್ಯಾಡ್‌ನಂಥ ಸಿದ್ಧ ಸೌಲಭ್ಯವೇ ಇಲ್ಲ. ಪಠ್ಯವನ್ನು ಎಡಗಡೆ ತುಂಬಿ ಉದ್ದ ಮಾಡುವುದಕ್ಕೂ ಬಹುಕಾಲ ಇರಲಿಲ್ಲ. ಆ ಕೊರತೆ ನೀಗುತ್ತಿದ್ದದ್ದು 'ಲೆಫ್ಟ್ ಪ್ಯಾಡ್' ಎಂಬ ಹನ್ನೊಂದು ಸಾಲಿನ ಪ್ರೋಗ್ರಾಂ. ಅಜೆರ್ ಕೊಚುಲು ಎಂಬಾತ ಬರೆದು ಎನ್‌ಪಿಎಂ ಎಂಬ ಉಚಿತ ಭಂಡಾರದಲ್ಲಿ ಇಟ್ಟಿದ್ದ. 'ಕಿಕ್' ಎಂಬ ಹೆಸರಿನ ಸಲುವಾಗಿ ಒಂದು ಮೆಸೇಜಿಂಗ್ ಕಂಪನಿಗೂ ಅವನಿಗೂ ಜಟಾಪಟಿಯಾಗಿ, ಭಂಡಾರದವರು ಕಂಪನಿಯ ಪರ ನಿಂತಾಗ 2016ರ ಮಾರ್ಚಿನಲ್ಲಿ ಆತ ತನ್ನದೆಲ್ಲವನ್ನೂ ಹಿಂತೆಗೆದುಕೊಂಡ. ಬೇಬಲ್‌ನಂಥ ದೊಡ್ಡ ಸಲಕರಣೆಗಳು ಒಳಗೊಳಗೆ ಈ ಹನ್ನೊಂದು ಸಾಲನ್ನು ನೆಚ್ಚಿದ್ದವು. ಜಗತ್ತಿನ ನಾನಾ ಕಡೆ ಪ್ರೋಗ್ರಾಮರುಗಳ ಕೆಲಸ ಗಕ್ಕನೆ ನಿಂತಿತು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಹಾಕಲಾಯಿತು. ಜಾವಾಸ್ಕ್ರಿಪ್ಟಿನ 2017ರ ಮಾನಕದಲ್ಲಿ 'ಪ್ಯಾಡ್ ಸ್ಟಾರ್ಟ್', 'ಪ್ಯಾಡ್ ಎಂಡ್' ಎಂಬ ಸ್ವಂತ ಸೌಲಭ್ಯಗಳು ಬಂದವು. ಎಡ, ಬಲ ಎನ್ನದೆ ಮೊದಲು, ಕೊನೆ ಎಂದದ್ದು ಅರಬ್ಬಿ, ಹೀಬ್ರೂಗಳಂಥ ಬಲದಿಂದ ಆರಂಭವಾಗುವ ಲಿಪಿಗಳಿಗೂ ಒಪ್ಪುತ್ತದೆ.

ಕನ್ನಡಕ್ಕೆ ಬಂದರೆ ತಲೆನೋವು ಬೇರೆ. ಪಿಎಚ್‌ಪಿಯಲ್ಲಿ ಪಠ್ಯ ಉದ್ದ ಮಾಡುವ ಹಳೆಯ 'ಸ್ಟ್ರಿಂಗ್ ಪ್ಯಾಡ್' ಎಣಿಸುವುದು ಬೈಟುಗಳನ್ನು. ಕಂಪ್ಯೂಟರ್ ಅಕ್ಷರಗಳನ್ನು ಕಾಪಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಗುಣಿತದ ಚಿಹ್ನೆಯೂ ಒಂದು ಸಂಕೇತವೇ. ಊರುಗಳ ಪಟ್ಟಿಯನ್ನು 20ರ ಉದ್ದಕ್ಕೆ ಸಮ ಮಾಡು ಎಂದರೆ 9 ಬೈಟಿನ 'ಕಡಬ'ಕ್ಕೆ ಹನ್ನೊಂದು ಖಾಲಿ ಸಿಗುತ್ತದೆ, 18 ಬೈಟಿನ 'ಮೈಸೂರು'ಗೆ ಎರಡು. 24 ಬೈಟಿನ 'ಬೆಂಗಳೂರು'ಗೆ ಒಂದೂ ಇಲ್ಲ. 2023ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.3 ಬೈಟಿನ ಬದಲು ಸಂಕೇತ ಎಣಿಸುವ 'ಎಂಬಿ ಸ್ಟ್ರಿಂಗ್ ಪ್ಯಾಡ್' ತಂದಿತು. ಅರೇ ಪ್ಯಾಡ್‌ಗೆ ಒಂದು ಸಲಕ್ಕೆ 10,48,576 ಮನೆಗಿಂತ ಹೆಚ್ಚು ಸೇರಿಸಬಾರದೆಂದಿದ್ದ ಕಟ್ಟಳೆಯನ್ನು ಸಡಿಲಿಸಿದ್ದೂ ಅದೇ ಆವೃತ್ತಿ. ಆದರೂ ನಮ್ಮ ಕಣ್ಣಿಗೆ ಮೂರು ಮೂರು ಅಕ್ಷರವಾಗಿ ಕಾಣುವ 'ಮೈಸೂರು', 'ಕಡಬ'ಗಳು ಹೊಸ ಲೆಕ್ಕದಲ್ಲೂ ಆರು ಮತ್ತು ಮೂರು. ಅಕ್ಷರಗಳ ಅಗಲವೂ ಒಂದೇ ಸಮ ಇಲ್ಲದ್ದರಿಂದ, ಕನ್ನಡದ ಪಟ್ಟಿಯನ್ನು ವೆಬ್ ಪುಟದಲ್ಲಿ ನೇರವಾಗಿ ನಿಲ್ಲಿಸಬೇಕೆಂದವರು ಖಾಲಿ ಜಾಗ ತುಂಬುವ ಗೋಜಿಗೆ ಹೋಗದೆ ಎಚ್‌ಟಿಎಂಎಲ್ ಕೋಷ್ಟಕ ಎಳೆದು, ಅಗಲದ ಕೆಲಸವನ್ನು ಬ್ರೌಸರಿಗೇ ಬಿಡುತ್ತಾರೆ.