ಶ್ರುತಿ ಕೆಡಿಸದ ಕೇಬಲ್

ಕಛೇರಿಗೆ ಮುಂಚೆ ಸ್ಪೀಕರಿನಿಂದ ಹೊರಡುವ ‘ಗುಂಯ್’ ಸದ್ದಿಗೂ ಒಂದು ಸ್ವರಸ್ಥಾನವಿದೆ. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಆವರ್ತ ಹೊಯ್ದಾಡುತ್ತದೆ. ಆ ಹೊಯ್ದಾಟ ಕೇಬಲಿನೊಳಗೆ ನುಸುಳಿದರೆ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟಾದ 100 ಹರ್ಟ್ಸ್ ಕೇಳಿಸುತ್ತವೆ. ಒಂದು ಮನೆ ಶ್ರುತಿಯಲ್ಲಿ ಹಾಡುವವರ ತಂಬೂರಿಯ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ಅದರ ಮಗ್ಗುಲಿಗೇ 100 ಬಂದು ಕೂತರೆ ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ಏರಿಳಿಯುವ ಅಲೆಯೊಂದು ಹುಟ್ಟುತ್ತದೆ, ಪಂಚಮವೇ ಹಳಿ ತಪ್ಪಿದಂತೆ ಕೇಳುತ್ತದೆ. ಹಾಡುವವರು ಬಿರಡೆ ತಿರುಗಿಸುತ್ತಾ ಕೂರುತ್ತಾರೆ. ದೋಷ ಇರುವುದು ಜಮಖಾನೆಯ ಮೇಲೆ ಹರಿದುಹೋದ ಕೇಬಲಿನಲ್ಲಿ.

ಮೈಕಿನಿಂದ ಹೊರಡುವುದು ಕೆಲವೇ ಮಿಲಿವೋಲ್ಟ್. ಮಿಕ್ಸರ್ ಅದನ್ನು ನೂರಾರು ಪಟ್ಟು ಹಿಗ್ಗಿಸುವಾಗ ದಾರಿಯಲ್ಲಿ ಸೇರಿಕೊಂಡ ಗುಂಯ್ ಕೂಡ ಅಷ್ಟೇ ಹಿಗ್ಗುತ್ತದೆ. ಅದಕ್ಕೇ ಮೈಕಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಬೇಕು. ಮೈಕ್‌ಸೆಟ್ಟಿನವರ ಬಾಯಲ್ಲಿ ಇದು ‘ಕ್ಯಾನನ್’. ಇದರೊಳಗೆ ಒಂದಕ್ಕೊಂದು ಹೊಸೆದ ಎರಡು ತಂತಿ, ಸುತ್ತ ತಾಮ್ರದ ಜಾಲರಿ. ಎರಡು ತಂತಿಯಲ್ಲೂ ಹರಿಯುವುದು ಒಂದೇ ಧ್ವನಿ, ಆದರೆ ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಹೊರಗಿನ ಗುಂಯ್ ಮಾತ್ರ ಎರಡಕ್ಕೂ ಸಮಸಮ ಅಂಟುತ್ತದೆ. ಮಿಕ್ಸರ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡರ ವ್ಯತ್ಯಾಸವನ್ನಷ್ಟೇ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕ ಹಾಕಿದರೆ ಮುಳ್ಳು ಅಲುಗುವುದಿಲ್ಲವಲ್ಲ, ಹಾಗೆ ಗುಂಯ್ ಕಳೆದುಹೋಗಿ ಧ್ವನಿ ಉಳಿಯುತ್ತದೆ. ಧ್ವನಿ ತಂತ್ರಜ್ಞಾನದಲ್ಲಿ ಇದಕ್ಕಿಂತ ಸೊಗಸಾದ ಉಪಾಯವನ್ನು ನಾನು ಕಂಡಿಲ್ಲ.

ಇದೇ ಉಪಾಯ ತಿರುಗಿಬೀಳುವುದೂ ಉಂಟು. ಶಾಲಾ ವಾರ್ಷಿಕೋತ್ಸವದಲ್ಲಿ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ನೇರ ಕ್ಯಾನನ್ನಿಗೆ ಕೇಬಲ್ ಎಳೆದರೆ ಹಾಡಿನ ಎಡಭಾಗ ಒಂದು ತಂತಿಗೆ, ಬಲಭಾಗ ಇನ್ನೊಂದಕ್ಕೆ ಹೋಗುತ್ತದೆ. ಗಾಯಕಿಯ ದನಿ ಸಾಮಾನ್ಯವಾಗಿ ಎರಡರಲ್ಲೂ ಒಂದೇ ಸಮ ಇರುತ್ತದೆ. ಮಿಕ್ಸರ್ ಅದನ್ನೂ ಗುಂಯ್ ಎಂದೇ ಭಾವಿಸಿ ಕಳೆದುಬಿಡುತ್ತದೆ! ಮಕ್ಕಳು ಕುಣಿಯುತ್ತಿದ್ದಾರೆ, ವಾದ್ಯ ಕೇಳುತ್ತಿದೆ, ಹಾಡೇ ಇಲ್ಲ. ಎಡ ಬಲ ಬೇರೆಬೇರೆಯಾಗಿ ಎರಡು ಜಾಕಿಗೆ ಕವಲೊಡೆಯುವ ಕೇಬಲ್ ಹಾಕಿ ಎರಡು ಚಾನೆಲ್ಲಿಗೆ ಕೊಟ್ಟರೆ ದನಿ ವಾಪಸ್ ಬರುತ್ತದೆ.

ಗಿಟಾರಿನ ಪಿ-38 ಜಾಕಿನ ಕೇಬಲಿನಲ್ಲಿ ಒಳಗೆ ಒಂದೇ ತಂತಿ, ಸುತ್ತ ಜಾಲರಿ. ಕಳೆಯುವ ಆಟ ಇಲ್ಲಿಲ್ಲ. ಮೇಲಾಗಿ ಪ್ರತಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನಷ್ಟು ಧಾರಣಶಕ್ತಿ ಕೂಡುತ್ತಾ ಹೋಗುವುದರಿಂದ, ಕೇಬಲ್ ಉದ್ದವಾದಷ್ಟೂ ಕಾಯಿಲ್ ಪಿಕಪ್ಪಿನ ತಾರ ನಾದದ ಹೊಳಪು ಮಂಕಾಗುತ್ತದೆ. ಆರು ಮೀಟರಿನೊಳಗೆ ಇರಲಿ. ಇನ್ನೂ ದೂರ ಹೋಗಬೇಕಿದ್ದರೆ ಒಂಟಿ ತಂತಿಯ ಧ್ವನಿಯನ್ನು ಕ್ಯಾನನ್ನಿನ ಜೋಡಿ ತಂತಿಗೆ ಒಗ್ಗಿಸುವ ಡಿಐ ಬಾಕ್ಸನ್ನು ಪಕ್ಕದಲ್ಲೇ ಇಟ್ಟು, ಅಲ್ಲಿಂದ ಮುಂದಕ್ಕೆ ಕ್ಯಾನನ್ ಎಳೆಯಿರಿ.

ಸ್ಪೀಕರಿನ ಕಥೆ ತದ್ವಿರುದ್ಧ. ಅಲ್ಲಿ ಹರಿಯುವುದು ಹತ್ತಾರು ವೋಲ್ಟ್, ಹಲವು ಆಂಪಿಯರ್. ಜಾಲರಿ ಬೇಡ, ದಪ್ಪ ತಾಮ್ರ ಬೇಕು. 20 ಮೀಟರ್ ದೂರದ 4 ಓಮ್ ಸ್ಪೀಕರಿಗೆ 0.75 ಚದರ ಮಿಲಿಮೀಟರಿನ ತಂತಿ ಎಳೆದರೆ ಐದರಲ್ಲಿ ಒಂದು ಪಾಲಿನಷ್ಟು ಶಕ್ತಿ ತಂತಿಯನ್ನು ಬಿಸಿಮಾಡಲು ಹೋಗುತ್ತದೆ, 2.5 ಹಾಕಿದರೆ ನಷ್ಟ ಶೇಕಡ 6ರ ಆಸುಪಾಸಿಗೆ ಇಳಿಯುತ್ತದೆ. ಜಾಕ್ ಒಂದೇ ಥರ ಕಂಡರೂ ಗಿಟಾರ್ ಕೇಬಲನ್ನು ಸ್ಪೀಕರಿಗೆ ಚುಚ್ಚಬೇಡಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವಾಗ ಚಿನ್ನದ ಲೇಪಕ್ಕೆ ಮರುಳಾಗುವುದು ಬೇಡ. ಅದು ತುಕ್ಕು ತಡೆಯುತ್ತದೆ, ನಾದ ಹೆಚ್ಚಿಸುವುದಿಲ್ಲ. ಜಾಕಿನ ಮುಚ್ಚಳ ತಿರುಗಿಸಿ ಬೆಸುಗೆ ನೋಡಿ, ಹಿಡಿಕೆ ಕೇಬಲಿನ ಹೊರಕವಚವನ್ನು ಬಿಗಿಯಾಗಿ ಕಚ್ಚಿದೆಯೇ ನೋಡಿ. ಬಹಳಷ್ಟು ಕೇಬಲ್ ಸಾಯುವುದು ಆ ಜಾಗದಲ್ಲೇ.

ಇಷ್ಟಾದರೂ ಗುಂಯ್ ನಿಲ್ಲದಿದ್ದರೆ ಕೆಲವರು ಆಂಪ್ಲಿಫೈಯರ್ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ: ಒಳಗೆ ಕರೆಂಟು ಸೋರಿದರೆ, ಒಂದು ಕೈಯಲ್ಲಿ ಗಿಟಾರ್ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರ ಮೈಯೊಳಗಿಂದಲೇ ಅದು ಹರಿಯುತ್ತದೆ. ಎರಡು ಉಪಕರಣ ಬೇರೆಬೇರೆ ಕಡೆ ಅರ್ತ್ ಆಗಿದ್ದರೆ ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ತನ್ನಿ. ಅದೂ ಸಾಲದಿದ್ದರೆ ಡಿಐ ಬಾಕ್ಸಿನ ‘ಗ್ರೌಂಡ್ ಲಿಫ್ಟ್’ ಗುಂಡಿ ಒತ್ತಿ. ಅದು ಬಿಡಿಸುವುದು ಧ್ವನಿ ಕೇಬಲಿನ ಜಾಲರಿಯ ಸಂಪರ್ಕವನ್ನು ಮಾತ್ರ, ಕರೆಂಟಿನ ಅರ್ತನ್ನು ಮುಟ್ಟುವುದಿಲ್ಲ.