ಸದುದ್ದೇಶದಿಂದಾದ ಹಾನಿ: ನ್ಯಾಯಾಲಯಕ್ಕೇನು ಕೆಲಸ?

ವಯನಾಡು, ನೀಲಗಿರಿಗಳ ಕಾಡಂಚಿನಲ್ಲಿ ನೆಲೆಸಿರುವ ನಮ್ಮವರಿಗೆ ಹುಲಿಯೆಂಬುದು ಬರಿಯ ಕಥೆಯ ಪ್ರಾಣಿಯಲ್ಲ. ಹುಲಿಯೊಂದು ಮನುಷ್ಯನನ್ನು ಕಚ್ಚಿ ಎಳೆದೊಯ್ಯುತ್ತಿದೆಯೆನ್ನಿ. ಕಂಡವನ ಕೈಯಲ್ಲಿ ಬಂದೂಕಿದೆ. ಗುಂಡು ಆ ಮನುಷ್ಯನಿಗೇ ತಗಲೀತೆಂದು ಅವನು ಬಲ್ಲ. ಆದರೂ ಉಳಿಸುವ ಆಸೆಯಿಂದ ಹುಲಿಯತ್ತ ಹಾರಿಸುತ್ತಾನೆ, ಮನುಷ್ಯ ಸಾಯುತ್ತಾನೆ. ಹಾರಿಸಿದವನು ಕೊಲೆಗಾರನೆ?

ಅಲ್ಲವೆಂದು 1860ರ ಭಾರತೀಯ ದಂಡ ಸಂಹಿತೆಯ 92ನೆಯ ಕಲಮು ಹೇಳಿತ್ತು. ಈ ದೃಷ್ಟಾಂತವೂ ಅದರದೇ. ಉರಿಯುವ ಮನೆಯ ಮೇಲಿನಿಂದ, ಕೆಳಗೆ ಕಂಬಳಿ ಹಿಡಿದು ನಿಂತವರತ್ತ ಮಗುವನ್ನು ಬಿಟ್ಟವನೂ, ಮಗು ಬದುಕದೆ ಹೋದರೂ, ಅಪರಾಧಿಯಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮು ಇದನ್ನು ಉಳಿಸಿಕೊಂಡಿದೆ.

ಹಾಗಾದರೆ ಇಂಥ ಸಂಗತಿಗಳು ನ್ಯಾಯಾಲಯದ ಮೆಟ್ಟಿಲೇರುವುದೇ ಬೇಡವೆ? ಅಷ್ಟು ದೂರ ಹೋಗಲಾಗದು. ಕಾಯಿದೆಯ ಕಣ್ಣಿನಲ್ಲಿ ಸದ್ಭಾವನೆಯೆಂದರೆ ಒಳ್ಳೆಯ ಮನಸ್ಸು ಮಾತ್ರವಲ್ಲ; ತಕ್ಕ ಎಚ್ಚರಿಕೆಯಿಲ್ಲದೆ ಮಾಡಿದ ಕೆಲಸ ಸದ್ಭಾವನೆಯದೆನಿಸದು. 1887ರಲ್ಲಿ ಕಲಕತ್ತೆಯ ಉಚ್ಚ ನ್ಯಾಯಾಲಯದ ಮುಂದೆ ಸುಕಾರೂ ಕವಿರಾಜನೆಂಬ ವೈದ್ಯನ ಪ್ರಕರಣ ಬಂದಿತು. ಮೂಲವ್ಯಾಧಿಯ ರೋಗಿಗೆ ಆತ ಸಾಧಾರಣ ಚಾಕುವಿನಿಂದ ಶಸ್ತ್ರಕ್ರಿಯೆ ನಡೆಸಿದ್ದ; ರಕ್ತಸ್ರಾವದಿಂದ ರೋಗಿ ತೀರಿಹೋದ. ಹಿಂದೆಯೂ ಇದೇ ಚಿಕಿತ್ಸೆ ಮಾಡಿದ್ದೆನೆಂಬುದು ಅವನನ್ನು ಕಾಯಲಿಲ್ಲ. ದುಡುಕಿನ ಕೃತ್ಯದಿಂದ ಸಾವು ತಂದ ತಪ್ಪಿಗೆ ಗುರಿಯಾದ. ರೋಗಿಯ ಕೇಡನ್ನು ಅವನು ಬಯಸಿದನೆಂದು ಯಾರೂ ಹೇಳರು. ಆದರೆ ಎಚ್ಚರಿಕೆಯಿತ್ತೆ ಎಂಬುದನ್ನು ಸಾಕ್ಷ್ಯ ತೂಗಿ ನಿರ್ಣಯಿಸುವವರು ಯಾರು? ದುಃಖದಲ್ಲಿರುವ ಬಂಧುಗಳೊ, ನೆರೆದ ಗುಂಪೊ? ಗುಂಪಿನ ನ್ಯಾಯದ ರುಚಿಯನ್ನು ಎಲ್ಲ ಊರುಗಳೂ ಕಂಡಿವೆ.

ರಸ್ತೆಯ ಮಾತು ಬೇರೆ. ಅಲ್ಲಿ ನ್ಯಾಯಾಲಯದ ಹೆದರಿಕೆಯೇ ಒಂದು ಕೇಡಾಗಿತ್ತು. ಅಲೆದಾಟಕ್ಕೆ ಅಂಜಿ ಗಾಯಾಳುವನ್ನು ಬಿಟ್ಟು ಮುಂದೆ ಸಾಗುವವರೇ ಹೆಚ್ಚು. ಸಹಾಯಕರ ರಕ್ಷಣೆಯ ಮಾರ್ಗಸೂಚಿಗಳಿಗೆ 2016ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿಗೆ ನೀಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಕಲಮು ಸೇರಿತು. ಪ್ರತಿಫಲ ಬಯಸದೆ, ಸದ್ಭಾವನೆಯಿಂದ ನೆರವಾದವನ ಕೈಯಲ್ಲಿ ಅಜಾಗರೂಕತೆಯಿಂದ ಗಾಯಾಳುವಿಗೆ ಹಾನಿಯಾದರೂ, ಸಾವೇ ಬಂದರೂ, ಅವನ ಮೇಲೆ ಸಿವಿಲ್ ದಾವೆಯಿಲ್ಲ, ಕ್ರಿಮಿನಲ್ ಮೊಕದ್ದಮೆಯೂ ಇಲ್ಲ. ಕವಿರಾಜನಿಗೆ ಸಿಗದ ರಿಯಾಯಿತಿ ದಾರಿಹೋಕನಿಗೆ ಸಿಕ್ಕಿತು. ಇದು ಸರಿಯೇ ಎಂದು ನನ್ನ ಅಭಿಪ್ರಾಯ. ಶಸ್ತ್ರ ಹಿಡಿಯುವವನಿಗೆ ಯೋಚಿಸಲು ಬಿಡುವಿದೆ. ಮುರಿದ ಬೆನ್ನಿನವನನ್ನು ರಿಕ್ಷಾಕ್ಕೆ ಎತ್ತಿ ಹಾಕುವವನಿಗಿಲ್ಲ. ಗಾಯಾಳುವಿನ ಮನೆಯವರಿಗೆ ವಾಹನದ ವಿಮೆಯಿಂದ ಪರಿಹಾರ ಕೇಳುವ ದಾರಿಯಂತೂ ಇದೆ.

ಇದು ಕೇಂದ್ರದ ಕಾಯಿದೆ. ಕಾಸರಗೋಡಿನಿಂದ ಗಾಯಾಳುವನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯುವವರಿಗೆ ತಲಪಾಡಿ ದಾಟಿದೊಡನೆ ಅದು ಬದಲಾಗದು. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಎರಡು ಕಡೆಯಲ್ಲಿಯೂ ಒತ್ತಾಯಿಸುವಂತಿಲ್ಲ.