ಸಾಹೇಬರ ಅನುಮಾನ

ಬಾದಾಮಿಯ ಮೂರನೇ ಗುಹೆಗೆ ಹತ್ತಿದವರು ಮೊದಲು ನೋಡುವುದು ಹೆಡೆಯ ಕೆಳಗೆ ಕುಳಿತ ವಿಷ್ಣುವನ್ನು, ಆಮೇಲೆ ಕಂಬದ ತಲೆಗೆ ಆತುಕೊಂಡ ದಂಪತಿಗಳನ್ನು. ಅಷ್ಟರಲ್ಲಿ ಮಂಗ ಬಂದು ಕೈಚೀಲ ಎಳೆಯುತ್ತದೆ, ನೋಡುವುದು ಅಲ್ಲಿಗೆ ಮುಗಿಯುತ್ತದೆ. ನಾನೂ ಎಷ್ಟೋ ಸಲ ಹಾಗೇ ನೋಡಿ ಇಳಿದವನು. ಈ ಸಲ ಜೊತೆಗಿದ್ದವರು ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು. ಅವರು ವಿಷ್ಣುವಿನ ಕಡೆ ತಿರುಗಿಯೂ ನೋಡದೆ ಪಡಸಾಲೆಯ ಅರೆಗಂಬದ ಮುಂದೆ ನಿಂತರು. ಮೊಬೈಲಿನ ಬ್ಯಾಟರಿ ಹಚ್ಚಿ ಬೆಳಕನ್ನು ಕಲ್ಲಿಗೆ ಓರೆಯಾಗಿ ಹಿಡಿದರು. ಬರೀ ಕೆಂಪು ಕಲ್ಲಾಗಿ ಕಾಣುತ್ತಿದ್ದಲ್ಲಿ ಸಾಲು ಸಾಲಾಗಿ ಅಕ್ಷರ ಎದ್ದವು.

"ಇಲ್ಲೊಂದು ಹನ್ನೆರಡು ಐತ್ರಿ. ಯಾರ ಹನ್ನೆರಡು ಅಂತ ಹೇಳ್ರಿ ನೋಡೋಣು?" ಅಂದರು.

ಮಂಗಳೇಶ ಈ ಗುಹೆ ಕೊರೆಯಿಸಿದ್ದು ಶಕ 500ರ ಕಾರ್ತಿಕ ಹುಣ್ಣಿಮೆಗೆ, ಅಂದರೆ ಕ್ರಿ.ಶ. 578ರಲ್ಲಿ ಎಂಬುದು ಶಾಲೆಯ ಪುಸ್ತಕದಲ್ಲೇ ಇದೆ. ಅದೇ ಶಾಸನ ಇದನ್ನು ಆಳ್ವಿಕೆಯ ಹನ್ನೆರಡನೇ ವರ್ಷ ಎಂದೂ ಹೇಳುತ್ತದೆ. ಆದರೆ ಆ ಹನ್ನೆರಡು ಗುಹೆ ಮಾಡಿಸಿದ ತಮ್ಮ ಮಂಗಳೇಶನದೋ, ಪುಣ್ಯವೆಲ್ಲ ಸಲ್ಲಬೇಕೆಂದು ಅವನು ಹೆಸರಿಸಿದ ಅಣ್ಣ ಕೀರ್ತಿವರ್ಮನದೋ? ತಮ್ಮನದಾದರೆ ಅವನು ಪಟ್ಟಕ್ಕೆ ಬಂದದ್ದು 567ರ ಹೊತ್ತಿಗೆ. ಅಣ್ಣನದಾದರೆ ತಮ್ಮನ ಸರದಿ ಬರುವುದು ಇನ್ನೂ ಮೂವತ್ತು ವರ್ಷದ ಮೇಲೆ. ಚಾಲುಕ್ಯರ ಮನೆಯಲ್ಲಿ ಮೂವತ್ತು ವರ್ಷ ಆ ಕಡೆ ಈ ಕಡೆ ಆದರೆ ಇಮ್ಮಡಿ ಪುಲಕೇಶಿಯ ಬಾಲ್ಯವೇ ಪಲ್ಲಟವಾಗುತ್ತದೆ.

ಈ ತೊಡಕಿಗೆ ಸಿಕ್ಕಿಕೊಂಡವರು ಜಾನ್ ಫೇಯ್ತ್‌ಫುಲ್ ಫ್ಲೀಟ್. 1847ರಲ್ಲಿ ಹುಟ್ಟಿದವರು, ಲಂಡನ್ನಿನಲ್ಲಿ ಗೋಲ್ಡ್‌ಸ್ಟೂಕರ್ ಎಂಬ ಪಂಡಿತರ ಹತ್ತಿರ ಸಂಸ್ಕೃತ ಓದಿ, 1867ರಲ್ಲಿ ಮುಂಬಯಿ ಪ್ರಾಂತ್ಯದ ನೌಕರಿಗೆ ಬಂದರು. 1872ರಲ್ಲಿ, ಇಪ್ಪತ್ತೈದರ ವಯಸ್ಸಿಗೆ, ದಕ್ಷಿಣ ವಿಭಾಗದ ಎಜುಕೇಶನಲ್ ಇನ್‌ಸ್ಪೆಕ್ಟರ್ ಆದರು. ನಮ್ಮ ಕಡೆಯ ಕನ್ನಡ ಶಾಲೆಗಳ ಮೇಲ್ವಿಚಾರಣೆ ಅವರ ಕೈಗೆ ಬಂತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡಕ್ಕಾಗಿ ಜೀವ ತೇಯ್ದದ್ದೂ ಇದೇ ಇಲಾಖೆಯಲ್ಲಿ. 1875ಕ್ಕೆ ಫ್ಲೀಟ್ ಕೊಲ್ಲಾಪುರಕ್ಕೆ ಹೋದರು. 1883ರಲ್ಲಿ ಭಾರತ ಸರಕಾರದ ಮೊಟ್ಟಮೊದಲ ಶಾಸನತಜ್ಞರಾದರು. ಆಮೇಲೆ ಕಲೆಕ್ಟರ್, ಕಮಿಷನರ್, 1897ಕ್ಕೆ ನಿವೃತ್ತಿ. ಶಿಕ್ಷಣ ಇಲಾಖೆಯಲ್ಲಿ ಕಳೆದ ಕಾಲ ಕಡಿಮೆ, ನಿಜ. ಆದರೆ ಊರೂರ ಶಾಲೆ ನೋಡಲು ಹೋದ ಸಾಹೇಬರು ಗುಡಿಯ ಮುಂದಿನ ಕಲ್ಲನ್ನೂ ನೋಡದೆ ಬಂದಿರಲಾರರು ಎಂಬುದು ನನ್ನ ಲೆಕ್ಕ. ಮುಂದೆ ಶಾಸನಗಳ ಓದು ಕಂತುಕಂತಾಗಿ ಅಚ್ಚಾದ 'ಇಂಡಿಯನ್ ಆಂಟಿಕ್ವರಿ' ಶುರುವಾದದ್ದೂ ಅದೇ 1872ರಲ್ಲಿ.

ಹನ್ನೆರಡರ ಮಾತಿಗೆ ಬರೋಣ. ಫ್ಲೀಟ್ ಮೊದಲು ಅದನ್ನು ಮಂಗಳೇಶನ ಲೆಕ್ಕಕ್ಕೆ ಹಾಕಿದರು. ಇಲ್ಲ, ಅದು ಕೀರ್ತಿವರ್ಮನದು ಎಂದು ರಾಮಕೃಷ್ಣ ಗೋಪಾಲ ಭಂಡಾರಕರರು ತಕರಾರು ತೆಗೆದರು. ಇಬ್ಬರೂ ಹಟವಾದಿಗಳೇ. ತೀರ್ಪು ಕೊಟ್ಟದ್ದು ಬಾದಾಮಿಯ ಪಕ್ಕದ ಮಹಾಕೂಟದ ಕಂಬ. ಅದರ ಬರಹದ ಸಾಲುಗಳು ಕಂಬವನ್ನು ಸುತ್ತುತ್ತ ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ನಮ್ಮ ರೂಢಿಯಂತೆ ಮೇಲಿನಿಂದ ಹಿಡಿದರೆ ತಲೆಬುಡ ತಿಳಿಯುವುದಿಲ್ಲ. ಅದರಲ್ಲಿ ಮಂಗಳೇಶನ ಐದನೇ ವರ್ಷ, ಸಿದ್ಧಾರ್ಥಿ ಸಂವತ್ಸರ, ವೈಶಾಖ ಹುಣ್ಣಿಮೆ ಎಂದಿದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. 602 ಎಂದು ಲೆಕ್ಕ ಬಂತು. ಅಲ್ಲಿಗೆ ಮಂಗಳೇಶ ಪಟ್ಟಕ್ಕೆ ಬಂದದ್ದು 597ರ ಸುಮಾರಿಗೆ. ಗುಹೆಯ ಹನ್ನೆರಡು ಅಣ್ಣನದೇ. 1890ರಲ್ಲಿ ಆ ಕಂಬದ ಶಾಸನವನ್ನು ಪ್ರಕಟಿಸಿ ತಮ್ಮ ಮೊದಲಿನ ಮಾತನ್ನು ತಾವೇ ತೆಗೆದುಹಾಕಿದವರು ಫ್ಲೀಟ್. ನನಗೆ ಈ ಮನುಷ್ಯ ಹಿಡಿಸಿದ್ದು ಇಲ್ಲಿ. (ಕಂಬ ಹುಡುಕಿಕೊಂಡು ಮಹಾಕೂಟಕ್ಕೆ ಹೋಗಬೇಡಿ. ಅದು ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂ ಸೇರಿದೆ.)

ತಮ್ಮ ಮಾತನ್ನೇ ನಂಬದವರು ಇನ್ನೊಬ್ಬರ ತಾಮ್ರಪಟವನ್ನು ನಂಬುತ್ತಾರೆಯೇ? ಆ ಕಾಲಕ್ಕೆ ಕರ್ನಾಟಕದಲ್ಲಿ ಇನ್ನೊಬ್ಬ ಶಿಕ್ಷಣಾಧಿಕಾರಿಯೂ ಶಾಸನದ ಹುಚ್ಚು ಹತ್ತಿಸಿಕೊಂಡಿದ್ದರು: ಬೆಂಗಳೂರಲ್ಲೇ ಹುಟ್ಟಿದ ಬಿ. ಎಲ್. ರೈಸ್. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ಹೋಬಳಿ ಶಾಲೆಗಳ ಯೋಜನೆ ತಂದವರು, 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪುಟಗಳಲ್ಲಿ ಒಂಬತ್ತು ಸಾವಿರದ ಹತ್ತಿರ ಶಾಸನ ಅಚ್ಚು ಹಾಕಿಸಿದವರು. ರೈಸ್ ಅವರಿಗೆ ಗಂಗರ ತಾಮ್ರಪಟಗಳೆಂದರೆ ಪ್ರಾಣ. ಮಡಿಕೇರಿಯ ಪಟ ಮೊದಲುಗೊಂಡು ಅವುಗಳ ಆಧಾರದ ಮೇಲೆ ಗಂಗರ ವಂಶಾವಳಿಯನ್ನೇ ಕಟ್ಟಿದರು. ಫ್ಲೀಟ್ ಒಂದೊಂದನ್ನೇ ಎತ್ತಿಕೊಂಡು ಖೊಟ್ಟಿ ಎನ್ನುತ್ತ ಹೋದರು.

ಅವರ ಒರೆಗಲ್ಲು ನೋಡಲು ಸರಳ. ಖ, ಜ, ಬ, ಲ ಇಂಥ ಕೆಲವು ಅಕ್ಷರಗಳ ಆಕಾರ ಕ್ರಿ.ಶ. 800ರ ಆಸುಪಾಸು ಬದಲಾಯಿತು. ಐದನೇ ಶತಮಾನದ್ದೆಂದು ಹೇಳಿಕೊಳ್ಳುವ ಪಟದಲ್ಲಿ ಒಂದೇ ಒಂದು ಹೊಸ ಆಕಾರದ ಬ ನುಸುಳಿದ್ದರೂ ಅದನ್ನು ಕೊರೆದವನು ಐದನೇ ಶತಮಾನದವನಲ್ಲ. ಹಳೆಯ ಪಟದ ಹೆಸರಿನಲ್ಲಿ ಹೊಲ, ಊರು ದಕ್ಕಿಸಿಕೊಳ್ಳುವ ಕಸುಬು ಆಗಲೂ ಇತ್ತು. ಸುಳ್ಳು ಖಾತೆ ಉತಾರ ಕಂಡ ನಮ್ಮ ತಹಶೀಲ್ದಾರ ಕಚೇರಿಗಳ ಮುಂದೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ನಕಲಿ ಎನಿಸಿದ ದಾಖಲೆಗಳದೊಂದು ಉದ್ದನೆಯ ಪಟ್ಟಿಯನ್ನೇ ಫ್ಲೀಟ್ 1901ರಲ್ಲಿ ಪ್ರಕಟಿಸಿದರು. ವರ್ಷಗಟ್ಟಲೆ ನಡೆದ ಈ ಜಗಳ ಓದುವುದಕ್ಕೆ ಒಳ್ಳೆ ರುಚಿ. ಇಬ್ಬರದೂ ಸಭ್ಯ ಇಂಗ್ಲಿಷು, ಒಳಗೆ ಮೆಣಸಿನಪುಡಿ. ಗಂಗರಿಗೆ ಅಷ್ಟು ಹಳಮೆಯೇ ಇಲ್ಲವೆನ್ನುವ ತನಕ ಫ್ಲೀಟ್ ಹೋದದ್ದು ಅತಿಯಾಯಿತು ಎಂದೇ ನನಗೆ ಅನಿಸುತ್ತದೆ. ಕೊನೆಗೆ ಪೆನುಕೊಂಡೆಯ ತಾಮ್ರಪಟ ಬಂತು. ಅದರ ಅಕ್ಷರ ನೋಡಿ, ಇದು ಅಸಲಿ, ಐದನೇ ಶತಮಾನದ್ದೇ ಎಂದು 1915ರಲ್ಲಿ ಅವರೇ ಒಪ್ಪಿಕೊಂಡರು. ಮೈಸೂರಿನ ಆರ್. ಶಾಮಾಶಾಸ್ತ್ರಿಗಳ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದಕ್ಕೆ ಅವರು ಮುಂಬರಹ ಬರೆದುಕೊಟ್ಟದ್ದೂ ಅದೇ ವರ್ಷ.

ಗುಹೆ ಇಳಿದು ಅಗಸ್ತ್ಯತೀರ್ಥದ ದಂಡೆ ಹಿಡಿದೆವು. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಂದು ಏಟಿಗೆ ಬಂಡೆಯಿಂದ ಎರಡು ಸದ್ದು ಬರುತ್ತಿತ್ತು. ತಟ್ಟುಕೋಟಿಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಹತ್ತು ಸಾಲು. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕಲಿಯುಗದ ಮಾಧವ ಎಂದು ತ್ರಿಪದಿಯಲ್ಲಿ ಮೀಸೆ ತಿರುವಿದ ಈ ಪುಣ್ಯಾತ್ಮ ಯಾರೋ, ಯಾವ ಊರ ವೀರನೋ! ಇದನ್ನು ಫ್ಲೀಟ್ 1881ರಲ್ಲಿ ಆಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದರು. ಇದರಲ್ಲಿ ತೇದಿ ಇಲ್ಲ, ರಾಜನ ಹೆಸರಿಲ್ಲ. ಅಕ್ಷರದ ಆಕಾರವೊಂದೇ ಗತಿ. ಇವತ್ತು ಸುಮಾರು 700ರದ್ದು ಎನ್ನುತ್ತಾರೆ. ಶಾಲಾ ಪ್ರವಾಸದ ಮಕ್ಕಳ ಗುಂಪೊಂದು ಅಲ್ಲಿಗೆ ಬಂದಿತ್ತು. ಮಾಸ್ತರರು ಅವರನ್ನು ನಿಲ್ಲಿಸಿಕೊಂಡು ಬೆರಳಿಂದ ಗಾಳಿಯಲ್ಲೇ ಹಳೆಯ ಬ, ಹೊಸ ಬ ಬರೆದು ತೋರಿಸಿದರು. "ಹಂಗಾದ್ರ ನಾ ಬರೆಯೋದು ಖೊಟ್ಟಿ ಏನ್ರಿ ಸರ?" ಅಂದ ಒಬ್ಬ ಪೋರ.

ಫ್ಲೀಟ್ ಅವರನ್ನು ಹೊಗಳುತ್ತ ಹೋದರೆ ಒಂದು ಮಾತು ಮರೆಯುತ್ತದೆ. ಅವರು ಈ ಶಾಸನಗಳಿಗೆ ತಲೆ ಕೆಡಿಸಿಕೊಂಡಿದ್ದ ದಿನಗಳಲ್ಲೇ ಧಾತು ಸಂವತ್ಸರದ ಬರ ಬಿದ್ದು ಆಗಿನ ಕಲಾದಗಿ ಜಿಲ್ಲೆಯ ಊರುಗಳು ಬರಿದಾದವು. ಸರಕಾರದ ಮನುಷ್ಯ ಸರಕಾರದ ಮನುಷ್ಯನೇ. ಆದರೂ 1885ರಿಂದ ಅವರು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣ ಇದ್ದಾನೆ, ಇನ್‌ಕಮ್ ಟ್ಯಾಕ್ಸಿಗೆ ಬೈದ ಜನ ಇದ್ದಾರೆ, ಆಯುಧ ಒಪ್ಪಿಸುವುದಿಲ್ಲವೆಂದು 1857ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಹಲಗಲಿಯ ಬೇಡರಿದ್ದಾರೆ. ಹಲಗಲಿ ನಮ್ಮದೇ ಜಿಲ್ಲೆಯ ಊರು, ಮುಧೋಳದ ಹತ್ತಿರ. ತಮ್ಮ ಸರಕಾರ ಗಲ್ಲಿಗೇರಿಸಿದವರ ಹಾಡನ್ನು ಅದೇ ಸರಕಾರದ ಅಧಿಕಾರಿ ಅನುವಾದದೊಂದಿಗೆ ಜೋಪಾನ ಮಾಡಿಟ್ಟರು. ಇವತ್ತು ಮಕ್ಕಳು ಆ ಲಾವಣಿಯನ್ನು ಪಠ್ಯದಲ್ಲಿ ಓದುತ್ತಾರೆ.

1882ರಲ್ಲಿ ಅವರು ಬರೆದ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಮುಂದೆ ಬೆಳೆದು ಮುಂಬಯಿ ಗೆಜೆಟಿಯರ್ ಸೇರಿತು. ಅದರಲ್ಲಿ ಮೊದಲನೆಯ ಪುಲಕೇಶಿಯನ್ನು ಅವರು ಕೂರಿಸಿದ್ದು 550ರ ಸುಮಾರಿಗೆ. ಕೊಲ್ಲಾಪುರ ಸೀಮೆಯ ಆಳ್ತೆಯ ತಾಮ್ರಪಟವೊಂದು ಅದೇ ರಾಜನ ಕಾಲ ಶಕ 411, ಎಂದರೆ 489 ಎಂದು ಸಾರುತ್ತಿತ್ತು. ಅದೂ ಖೊಟ್ಟಿ ಎಂದು ಅವರು ಪಕ್ಕಕ್ಕಿಟ್ಟಿದ್ದರು. 1917ರಲ್ಲಿ ಫ್ಲೀಟ್ ತೀರಿಕೊಂಡರು. ಇಪ್ಪತ್ತು ವರ್ಷದ ಮೇಲಾದ ಬಳಿಕ ಬಾದಾಮಿಯ ಉತ್ತರದ ಕೋಟೆಯ ಬಂಡೆಯಲ್ಲಿ, ಕೆಳಗಿನವರ ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ, ಆ ಪುಲಕೇಶಿಯದೇ ಬರಹ ಸಿಕ್ಕಿತು. ಅದನ್ನು ಓದಿ ಪ್ರಕಟಿಸಿದವರು ಆರ್. ಎಸ್. ಪಂಚಮುಖಿ. ಅಶ್ವಮೇಧ ಮಾಡಿದ ವಲ್ಲಭೇಶ್ವರ ಈ ಕೋಟೆ ಕಟ್ಟಿಸಿದ ಎಂದು ಅದರಲ್ಲಿದೆ. ತೇದಿ ಶಕ 465, ಎಂದರೆ 543. ಸಾಹೇಬರ ಅಂದಾಜಿಗೆ ಏಳೇ ವರ್ಷ ವ್ಯತ್ಯಾಸ, ಆಳ್ತೆಯ ಪಟಕ್ಕೆ ಐವತ್ನಾಲ್ಕು.